ಏದುಸಿರು, ಜಿಗಣೆ, ಬಾಣಲೆ ಕೆಂಡ: ಓದುಗರು ಕೇಳಿದ್ದು, ಡಾಕ್ಟ್ರು ಹೇಳಿದ್ದು

ಈ ಸಲ ಬಂದಿರೋ ಕಾಗದ, ವಾಟ್ಸಾಪ್ ಮೆಸೇಜಲ್ಲಿ ಮುಕ್ಕಾಲು ಪಾಲು ಉಸಿರು, ರಕ್ತದ ಬಗ್ಗೆನೇ ಇದೆ. ಎಲ್ಲದಕ್ಕೂ ಜಾಗ ಸಾಲಲ್ಲ, ನಾಲ್ಕು ಆರಿಸಿದ್ದೀನಿ. ಕೊನೇದನ್ನ ಮಾತ್ರ ದಯವಿಟ್ಟು ಬಿಡದೆ ಓದಿ.

ಕಕ್ಕಬ್ಬೆಯಿಂದ ಒಬ್ಬರು: "ಡಾಕ್ಟ್ರೇ, ನಂಗೆ 52. ಮಳೆ ಶುರುವಾಗೋ ಮುಂಚೆ ಮಗಳ ಜೊತೆ ತಡಿಯಂಡಮೋಳ್ ಹತ್ತಿದೆ. ಕೊನೇ ಏರಲ್ಲಿ ಏದುಸಿರು ಬಂದು ಕೂತೇಬಿಟ್ಟೆ, ಐದು ನಿಮಿಷಕ್ಕೆ ಸರಿಯಾಯ್ತು. ಮಗಳು 'ಮೇಲೆ ಆಕ್ಸಿಜನ್ ಇಲ್ಲ ಅಪ್ಪಾ' ಅಂತಾಳೆ, ನಮ್ಮ ಮನೆಯವ್ರು 'ಬೀಡಿ ಸೇದಿದ್ದಕ್ಕೆ' ಅಂತಾರೆ. ಬೀಡಿ ಬಿಟ್ಟು ಹತ್ತು ವರ್ಷ ಆಯ್ತು. ಯಾರದು ಸರಿ?"

ಮಗಳಿಗೆ ಹೇಳಿ, ತಡಿಯಂಡಮೋಳ್ 1748 ಮೀಟರ್, ಅಲ್ಲೂ ಗಾಳೀಲಿ ಆಕ್ಸಿಜನ್ ನೂರಕ್ಕೆ 21 ಪಾಲೇ ಇರೋದು, ಮಂಗಳೂರಲ್ಲೂ ಅಷ್ಟೇ. ಕಮ್ಮಿ ಆಗೋದು ಗಾಳಿ ಒತ್ತಡ. ಸಮುದ್ರ ಮಟ್ಟಕ್ಕೆ ಹೋಲಿಸಿದ್ರೆ ಅಲ್ಲಿ ಐದರಲ್ಲಿ ನಾಲ್ಕು ಪಾಲು ಇರುತ್ತೆ, ಬೆಟ್ಟದ ಸೀಮೇಲೇ ಹುಟ್ಟಿ ಬೆಳೆದ ನಿಮ್ಮನ್ನ ಕೂರಿಸೋಕೆ ಅದೊಂದೇ ಸಾಲದು. ನಮ್ಮ ಹುಡುಗ್ರು ಮಿಲಿಟರೀಲಿ ಲೇಹ್‌ಗೆ ಹೋಗ್ತಾರಲ್ಲ, ಅದು 3500 ಮೀಟರ್, ಅಲ್ಲಿ ಮೊದಲ ಕೆಲವು ದಿನ ಸುಮ್ನೆ ರೆಸ್ಟ್ ಮಾಡಿ ಅಂತ ಕೂರಿಸ್ತಾರೆ, ಅದಕ್ಕೆ ಅರ್ಥ ಇದೆ.

ಏದುಸಿರು ಯಾಕೆ ಬಂತು ಅಂದ್ರೆ ಏರು ಹತ್ತುವಾಗ ತೊಡೆ ಮಾಂಸಖಂಡ ಆಕ್ಸಿಜನ್ ಎಳ್ಕೊಂಡು ಸಕ್ಕರೆ ಕೊಬ್ಬು ಎಲ್ಲ ಉರಿಸುತ್ತೆ, ಕಾರ್ಬನ್ ಡೈ ಆಕ್ಸೈಡ್ ರಾಶಿ ರಾಶಿ ಹೊರಗೆ ಬರುತ್ತೆ, ಅದನ್ನ ರಕ್ತ ಹೊತ್ಕೊಂಡು ಶ್ವಾಸಕೋಶಕ್ಕೆ ತಂದು ಸುರೀಬೇಕು. ಮೆದುಳಿನ ಬುಡದಲ್ಲಿ ಕೂತಿರೋ ಕಾವಲುಗಾರ ಮುಖ್ಯವಾಗಿ ಲೆಕ್ಕ ಇಡೋದು ಈ ಕಾರ್ಬನ್ ಡೈ ಆಕ್ಸೈಡಿಂದು, ಆಕ್ಸಿಜನ್ನಿಂದು ಅಲ್ಲ. ಈಗ್ಲೇ ಮೂಗು ಬಾಯಿ ಮುಚ್ಚಿ ಉಸಿರು ಹಿಡಿದು ನೋಡಿ, ಮುಕ್ಕಾಲು ನಿಮಿಷಕ್ಕೆ ಎದೆ ಒದ್ದಾಡುತ್ತಲ್ಲ, ಆಗ ರಕ್ತದಲ್ಲಿ ಆಕ್ಸಿಜನ್ ಇನ್ನೂ ಬೇಕಾದಷ್ಟಿರುತ್ತೆ, ಒದ್ದಾಡಿಸೋದು ಹೊರಗೆ ಹೋಗದೆ ಉಳಿದ ಕಾರ್ಬನ್ ಡೈ ಆಕ್ಸೈಡ್. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಕೆಳಗೆ ಮತ್ತೆ ಬೇಕಾಗುತ್ತೆ.

ಸಾಮಾನ್ಯವಾಗಿ ಇಂಥ ಏರಲ್ಲಿ ಮೊದಲು ಸೋಲೋದು ಶ್ವಾಸಕೋಶ ಅಲ್ಲ, ಪಂಪು ಮತ್ತು ಕಾಲು. ಸುಮ್ನೆ ಕೂತಾಗ ಹೃದಯ ನಿಮಿಷಕ್ಕೆ 5 ಲೀಟರ್ ರಕ್ತ ತಳ್ಳುತ್ತೆ, ಅಂದ್ರೆ ಮೈಯಲ್ಲಿರೋ ಅಷ್ಟೂ ರಕ್ತ ಒಂದು ನಿಮಿಷಕ್ಕೆ ಒಂದು ಸುತ್ತು. ಬೆಟ್ಟ ಹತ್ತುವಾಗ ಅದು 15 ಲೀಟರ್ ದಾಟಬೇಕು. ದಿನಾ ತೋಟ ಸುತ್ತೋರ ಹೃದಯ ಒಂದೊಂದು ಬಡಿತಕ್ಕೇ ಜಾಸ್ತಿ ತಳ್ಳುತ್ತೆ, ಜೀಪಲ್ಲೇ ತೋಟ ಸುತ್ತೋರದ್ದು (ನಾನೂ ಅದೇ ಪೈಕಿ) ಬರೀ ಬಡ್ಕೊಳುತ್ತೆ ಅಷ್ಟೆ.

ಮುಂದಿನ ಸಲ ಮನೇಲಿ ಹಂದಿ ಕಡಿದಾಗ ಗುಂಡಿಗೆಯನ್ನ ಸಾರಿಗೆ ಹಾಕೋ ಮುಂಚೆ ಅಡ್ಡಕ್ಕೆ ಕೊಯ್ದು ನೋಡಿ, ನಮ್ಮದೂ ಹೆಚ್ಚುಕಮ್ಮಿ ಅದೇ ಥರ. ಬಲಗಡೆ ಗೋಡೆ ತೆಳ್ಳಗೆ, ಎಡಗಡೆದು ಅದರ ಮೂರು ಪಟ್ಟು ದಪ್ಪ. ಬಲಗಡೆ ಕೋಣೆ ರಕ್ತವನ್ನ ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ದಾಟಿಸಿದ್ರೆ ಸಾಕು, ಎಡಗಡೆದು ನೆತ್ತಿಯಿಂದ ಹೆಬ್ಬೆರಳ ತನಕ ತಳ್ಳಬೇಕು. ಕೆಲಸಕ್ಕೆ ತಕ್ಕ ಗೋಡೆ. ಪಕ್ಕದಲ್ಲೇ ಇರೋ ಶ್ವಾಸಕೋಶದ ಚೂರು ನೀರಿಗೆ ಹಾಕಿ, ತೇಲುತ್ತೆ. ಒಳಗೆಲ್ಲ ಗಾಳಿ ಗುಳ್ಳೆ. ಮನುಷ್ಯನಿಗೆ ಅಂಥ ಗುಳ್ಳೆ ಸುಮಾರು 30 ಕೋಟಿ, ಬಿಚ್ಚಿ ಹಾಸಿದ್ರೆ 70 ಚದರ ಮೀಟರ್, ಸಣ್ಣ ಬೆಳೆಗಾರರ ಕಾಫಿ ಕಣದಷ್ಟು. ಬೀಡಿ ಹಾಳು ಮಾಡೋದು ಈ ಗುಳ್ಳೆಗಳ ಗೋಡೆಯನ್ನ, ಒಡೆದದ್ದು ಮತ್ತೆ ಕೂಡಲ್ಲ, ಹಾಗಾಗಿ ಮನೆಯವ್ರ ಮಾತನ್ನ ಪೂರ್ತಿ ತಳ್ಳಿಹಾಕಬೇಡಿ, ಒಂದ್ಸಲ ಊದಿಸೋ ಟೆಸ್ಟ್ ಮಾಡಿಸಿ. ಹತ್ತುವಾಗ ಎದೆ ಹಿಂಡಿದ ಹಾಗಾದ್ರೆ, ತಣ್ಣನೆ ಬೆವರು ಬಂದ್ರೆ, ಅದು ಬೇರೆ ಕತೆ, ಅವತ್ತೇ ಇಸಿಜಿ.

ಕುಶಾಲನಗರದಿಂದ 8ನೇ ಕ್ಲಾಸ್ ಹುಡುಗಿ: "ಅಂಕಲ್, ರಕ್ತ ಕೆಂಪಲ್ವಾ, ನಮ್ಮಜ್ಜಿ ಕೈ ನರ ಯಾಕೆ ನೀಲಿ?"

ಪುಟ್ಟಿ, ನೀಲಿ ರಕ್ತ ಅಂತ ನಮ್ಮಲ್ಲಿ ಇಲ್ವೇ ಇಲ್ಲ. ಆಕ್ಸಿಜನ್ ತುಂಬಿದ್ರೆ ಹಣ್ಣಾದ ಕಾಫಿ ಹಣ್ಣಿನ ಕೆಂಪು, ಖಾಲಿಯಾದ್ರೆ ಅದೇ ಹಣ್ಣು ಎರಡು ದಿನ ಮೂಟೇಲಿ ಉಳಿದಾಗ ಬರುತ್ತಲ್ಲ, ಆ ಕಡುಗೆಂಪು. ಚರ್ಮ ಬೆಳಕಿನ ಜೊತೆ ಆಟ ಆಡುತ್ತೆ, ಕೆಂಪು ಬೆಳಕು ಆಳಕ್ಕೆ ಇಳಿದು ರಕ್ತದಲ್ಲಿ ಹೀರ್ಕೊಂಡು ಹೋಗುತ್ತೆ, ನೀಲಿ ಮೇಲಿಂದ್ಲೇ ವಾಪಸ್ ಬರುತ್ತೆ, ಕಣ್ಣು ಮೋಸ ಹೋಗುತ್ತೆ. ಅಂದಹಾಗೆ ಅದು ನರ ಅಲ್ಲ, ರಕ್ತನಾಳ. ಮಾತಲ್ಲಿ ಎಲ್ರೂ ನರ ಅಂತೀವಿ, ನಾನೂ ಅಂತೀನಿ, ಪರೀಕ್ಷೇಲಿ ಬರೀಬೇಡ.

ಸೋಮವಾರಪೇಟೆಯಿಂದ ಒಬ್ಬರು: "ಜಿಗಣೆ ಕಚ್ಚಿದ್ರೆ ಅರ್ಧ ಗಂಟೆ ರಕ್ತ ನಿಲ್ಲಲ್ಲ. ನಂಗೆ ಬಿಪಿ ಜಾಸ್ತಿ, ಅದಕ್ಕಾ?"

ಬಿಪಿಗೂ ಅದಕ್ಕೂ ಸಂಬಂಧ ಇಲ್ಲ. ಜಿಗಣೆ ಕಚ್ಚೋದು ಕೂದಲಿಗಿಂತ ಸಣ್ಣ ನಾಳಗಳನ್ನ, ಅಲ್ಲಿ ಒತ್ತಡನೇ ಅಷ್ಟಿರಲ್ಲ. ಅದು ತನ್ನ ಜೊಲ್ಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಪದಾರ್ಥ ಬಿಟ್ಟು ಹೋಗಿರುತ್ತೆ. ಹೋಗೋ ರಕ್ತ ನೋಡೋಕೆ ಭಯಂಕರ, ಲೆಕ್ಕಕ್ಕೆ ಏನೂ ಅಲ್ಲ. ಸೋಪು ನೀರಲ್ಲಿ ತೊಳೆದು ಬಟ್ಟೆ ಒತ್ತಿ ಹಿಡೀರಿ. ರಕ್ತ ತೆಳ್ಳಗಾಗೋ ಮಾತ್ರೆ ತಗೊಳ್ಳೋರು ಇನ್ನೂ ಸ್ವಲ್ಪ ಹೊತ್ತು ಹಿಡೀಬೇಕು.

ಸಿದ್ದಾಪುರದಿಂದ ಒಬ್ಬ ಗೃಹಿಣಿ: "ಮಳೆ ಚಳಿಗೆ ರಾತ್ರಿ ರೂಮಲ್ಲಿ ಬಾಣಲೇಲಿ ಕೆಂಡ ಇಟ್ಟು ಮಲಗ್ತೀವಿ. ಬೆಳಿಗ್ಗೆ ಎಲ್ರಿಗೂ ತಲೆನೋವು, ಅತ್ತೆಗೆ ವಾಕರಿಕೆ. ಹೊಗೆ ಇಲ್ಲ, ಯಾರಿಗೂ ಉಸಿರು ಕಟ್ಟಲ್ಲ. ಕೋವಿಡ್ ಟೈಮಲ್ಲಿ ತಗೊಂಡ ಆಕ್ಸಿಮೀಟರ್ 98 ತೋರಿಸುತ್ತೆ. ನೆಗಡಿ ಇರ್ಬಹುದಾ?"

ಅಮ್ಮಾ, ಈ ಪತ್ರಿಕೆ ಬರೋ ತನಕ ಕಾಯಿಸಬಾರದು ಅಂತ ನಿಮ್ಗೆ ಅವತ್ತೇ ಫೋನ್ ಮಾಡ್ದೆ, ಉಳಿದೋರಿಗಾಗಿ ಇಲ್ಲಿ ಬರೀತಿದ್ದೀನಿ. ಮುಚ್ಚಿದ ರೂಮಲ್ಲಿ ಕೆಂಡ ಬಿಡೋದು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ಕೆಂಪು ರಕ್ತಕಣದಲ್ಲಿ ಹಿಮೋಗ್ಲೋಬಿನ್ ಅಂತ ಇರುತ್ತೆ, ಆಕ್ಸಿಜನ್ ಹೊರೋ ಕೂಲಿ. ಈ ಗ್ಯಾಸು ಆ ಕೂಲಿಯ ಬೆನ್ನಿಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟ್ಕೊಳುತ್ತೆ. ಎದೆ ಏಳುತ್ತೆ ಇಳಿಯುತ್ತೆ, ಹೃದಯ ತಳ್ತಾನೇ ಇರುತ್ತೆ, ಮೆದುಳಿಗೆ ಮಾತ್ರ ಆಕ್ಸಿಜನ್ ತಲುಪಲ್ಲ. ಮೇಲೆ ಹೇಳಿದ ಕಾವಲುಗಾರ ಯಾಕೆ ಎಬ್ಬಿಸಲ್ಲ ಗೊತ್ತಾ, ಅವನು ನೋಡೋದು ಕಾರ್ಬನ್ ಡೈ ಆಕ್ಸೈಡನ್ನ, ಅದನ್ನ ನೀವು ಉಸಿರಲ್ಲಿ ಹೊರಗೆ ಬಿಡ್ತಾನೇ ಇದ್ದೀರಿ, ಅವನ ಲೆಕ್ಕದಲ್ಲಿ ಎಲ್ಲ ಸರಿಯಾಗಿದೆ. ಅದಕ್ಕೇ ಜನ ನಿದ್ದೇಲೇ ಹೋಗಿಬಿಡೋದು.

ಆಕ್ಸಿಮೀಟರೂ ಇಲ್ಲಿ ಸುಳ್ಳು ಹೇಳುತ್ತೆ. ಅದು ಬೆರಳಿನ ಮೂಲಕ ಬೆಳಕು ಹಾಯಿಸಿ ಬಣ್ಣ ನೋಡುತ್ತೆ, ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನೂ ಕೆಂಪಗೇ ಇರೋದ್ರಿಂದ ಅದನ್ನೂ ಆಕ್ಸಿಜನ್ ಅಂತಲೇ ಎಣಿಸಿ 98 ತೋರಿಸುತ್ತೆ. ಆಸ್ಪತ್ರೇಲಿ ಬೇರೆ ರಕ್ತ ಪರೀಕ್ಷೆ ಇದೆ, ಹೋದಾಗ "ರಾತ್ರಿ ಕೆಂಡ ಇಟ್ಟಿದ್ವಿ" ಅಂತ ನೀವಾಗೇ ಹೇಳ್ಬೇಕು, ಇಲ್ಲಾಂದ್ರೆ ಅವ್ರೂ ನೆಗಡಿ ಅಂತಲೇ ಮಾತ್ರೆ ಕೊಟ್ಟು ಕಳಿಸಬಹುದು.

ಯಾರಿಗಾದ್ರೂ ತಲೆಸುತ್ತು, ಮಂಪರು ಅನ್ನಿಸಿದ್ರೆ ಮೊದಲು ಎಲ್ರನ್ನೂ ಹೊರಗೆ ಕರ್ಕೊಂಡು ಬನ್ನಿ, ಮಳೆ ಇದ್ರೂ ಜಗಲಿಗೆ, ಆಮೇಲೆ 108. ಕಿಟಕಿ ಸ್ವಲ್ಪ ಸಂದು ಬಿಟ್ಟಿದ್ವಿ ಅನ್ನೋದನ್ನ ನಂಬ್ಕೊಂಡು ಮಲಗಬೇಡಿ. ಕೈ ಕಾಸೋದೆಲ್ಲ ಎಚ್ಚರ ಇದ್ದಾಗ ಬಾಗಿಲು ತೆಗೆದಿಟ್ಟು ಕಾಸ್ಕೊಳ್ಳಿ, ಮಲಗೋ ಮುಂಚೆ ಬಾಣಲೆ ಅಂಗಳಕ್ಕೆ. ಅತ್ತೆಗೆ ಚಳಿ ತಡೆಯಲ್ಲ ಅಂದ್ರಿ, ಬಿಸಿನೀರಿನ ರಬ್ಬರ್ ಚೀಲ ಒಂದು ಟವೆಲ್ಲಲ್ಲಿ ಸುತ್ತಿ ಕಾಲ ಹತ್ರ ಇಡಿ.