ಇಕೆಡಾ: ಎಲ್ಲಿಂದ ಶುರು ಮಾಡೋದು, ಯಾವುದನ್ನ ಬಿಡೋದು

ರ್‍ಯೋಜಿ ಇಕೆಡಾ ಅನ್ನೋ ಜಪಾನಿನ ಎಲೆಕ್ಟ್ರಾನಿಕ್ ಸಂಗೀತಗಾರರ ಆಲ್ಬಮ್‌ಗಳಲ್ಲಿ ಯಾವುದು ಚೆನ್ನ, ಯಾವುದು ಬೇಡ ಅಂತ ಕೇಳಿದ್ದೀರಿ. 1996ರ 'ಪ್ಲಸ್ ಮೈನಸ್' ಮೊದಲು ಕೇಳಿ. ಅದರ ಕೊನೆಯಲ್ಲಿ ಸೂಜಿಯಷ್ಟು ಸಣ್ಣ, ತುಂಬಾ ಎತ್ತರದ ಸ್ವರ ಒಂದಿದೆ. ಇಷ್ಟು ಹೊತ್ತೂ ಅದು ಇತ್ತು ಅಂತ ಗೊತ್ತಾಗೋದೇ ನಿಂತಾಗ. ಫ್ರಿಜ್ ಥಟ್ಟನೆ ನಿಂತರೆ ಅಡುಗೆಮನೆ ನಿಶ್ಶಬ್ದ ಆಗುತ್ತಲ್ಲ, ಹಾಗೆ. ನನಗೆ ಅವರ ಕೆಲಸದಲ್ಲಿ ಇದಕ್ಕಿಂತ ದೊಡ್ಡದಿಲ್ಲ.

2000ದ 'ಮೇಟ್ರಿಕ್ಸ್' ಮೊದಲ ಡಿಸ್ಕನ್ನು ಸ್ಪೀಕರಲ್ಲೇ ಹಾಕಿ, ಕೋಣೆಯಲ್ಲಿ ಓಡಾಡಿ. ತಲೆ ತಿರುಗಿಸಿದರೂ ಸದ್ದು ಬದಲಾಗುತ್ತೆ.

ಸೋತದ್ದು ಅಂದ್ರೆ 2008ರ 'ಟೆಸ್ಟ್ ಪ್ಯಾಟರ್ನ್' ಆಲ್ಬಮ್. ಬಾರ್‌ಕೋಡ್‌ನಂಥ ಕಪ್ಪು-ಬಿಳಿ ಗೆರೆಗಳ ಜೊತೆ ಅವರ ಪ್ರದರ್ಶನದಲ್ಲಿ ಪರದೆ ಮೇಲೆ ನೋಡಿದರೆ ಮೈ ಜುಂ ಅನ್ನಿಸುತ್ತೆ, ಬರೀ ಕಿವಿಗೆ ಹತ್ತೇ ನಿಮಿಷಕ್ಕೆ ಸಾಕು. ವಾಲ್ಯೂಮ್ ಮಾತ್ರ ಕಡಿಮೆ ಇಟ್ಕೊಳ್ಳಿ.