1971ರ ಯುದ್ಧದಲ್ಲಿದ್ದ ತಂದೆಯವರನ್ನು ಗೌರವಿಸುವ ಬಗೆ ಹೇಗೆ?

ಕುಷ್ಟಗಿ ತಾಲ್ಲೂಕಿನವರಾದ ನಿಮ್ಮ ತಂದೆಯವರು 1971ರ ಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದರೆಂದೂ, ಬರುವ ಡಿಸೆಂಬರ್ 16ರ ವಿಜಯ ದಿವಸದಂದು ಊರಿನಲ್ಲಿ ಅವರಿಗೆ ಸನ್ಮಾನ ಮಾಡಿಸಬೇಕೆಂದಿದ್ದರೂ ಅವರ ಸೇವೆಯ ವಿವರ ಮನೆಯಲ್ಲಿ ಯಾರಿಗೂ ತಿಳಿಯದೆಂದೂ ಬರೆದಿದ್ದೀರಿ. ನನ್ನ ತಂದೆಯವರು ಅದೇ ಯುದ್ಧದಲ್ಲಿ ಪೂರ್ವ ರಂಗದ ಕಡೆ ಸೇನೆಯ ಲಾರಿ ಚಾಲಕರಾಗಿದ್ದರು. ಶಾಲು, ಹಾರಗಳ ಏರ್ಪಾಡಿಗಿಂತ ಮೊದಲು ನಿಮ್ಮ ತಂದೆಯವರ ಡಿಸ್ಚಾರ್ಜ್ ಬುಕ್ (ಸೇನೆ ಬಿಡುವಾಗ ಕೊಡುವ ಸೇವಾ ವಿವರಗಳ ಪುಸ್ತಕ) ಹುಡುಕಿ ಎನ್ನುವುದು ನನ್ನ ಸಲಹೆ.

ಸೇವಾ ಸಂಖ್ಯೆ, ಸೇನೆಗೆ ಸೇರಿದ ಮತ್ತು ಬಿಟ್ಟ ದಿನಾಂಕ, ಪಡೆದ ಪದಕಗಳು ಅದರಲ್ಲಿರುತ್ತವೆ. ಪೂರ್ವಿ ಸ್ಟಾರ್ ಇದ್ದರೆ ಅವರು ಬಾಂಗ್ಲಾದೇಶದ ಕಡೆಯಲ್ಲಿಯೂ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮ ಗಡಿಯಲ್ಲಿಯೂ ಇದ್ದರೆಂದು ತಿಳಿಯಬಹುದು. ಸಂಗ್ರಾಮ ಪದಕವನ್ನು ಇನ್ನೂ ವ್ಯಾಪಕವಾಗಿ ಕೊಟ್ಟಿದ್ದರಿಂದ ಅದೊಂದರಿಂದಲೇ ರಂಗ ಯಾವುದೆಂದು ಹೇಳಲಾಗದು. ಪುಸ್ತಕ ಸಿಗದಿದ್ದರೆ ಅವರ ದಳದ ರೆಕಾರ್ಡ್ ಆಫೀಸಿಗೆ ಬರೆಯಬೇಕು: ಮದ್ರಾಸ್ ಇಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿದೆ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿದೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಅದಕ್ಕೂ ಮೊದಲಿನ ಕಾಗದಗಳಲ್ಲಿ ಅವರ ವಿಳಾಸ ರಾಯಚೂರು ಜಿಲ್ಲೆ ಎಂದೇ ಇರುವುದರಿಂದ, ಅರ್ಜಿಯಲ್ಲಿ ಎರಡನ್ನೂ ನಮೂದಿಸಿ.

ಇನ್ನು ಅವರನ್ನು ಮಾತನಾಡಿಸುವ ವಿಷಯ. ನನ್ನ ತಂದೆಯವರನ್ನು ಯುದ್ಧದ ಬಗ್ಗೆ ಕೇಳಿದಾಗಲೆಲ್ಲ "ಏನೈತಿ ಹೇಳಾಕ, ಗಾಡಿ ಹೊಡದ್ವಿ" ಎಂದು ಮುಗಿಸುತ್ತಿದ್ದರು. ಗುಂಡು ಹಾರಿಸಿದವರದಷ್ಟೇ ಯುದ್ಧವೆಂದು ಅವರೇ ನಂಬಿದ್ದರೋ ಏನೋ. ಆದರೆ ಲಾರಿಯಲ್ಲಿ ಏನು ತುಂಬುತ್ತಿದ್ದಿರಿ, ರಾತ್ರಿ ದೀಪ ಹಚ್ಚದೆ ದಾರಿ ಹೇಗೆ ಕಾಣುತ್ತಿತ್ತು, ರೊಟ್ಟಿ ತಿಂದು ಬೆಳೆದವರಿಗೆ ಅಲ್ಲಿ ಊಟಕ್ಕೆ ಏನು ಸಿಗುತ್ತಿತ್ತು ಎಂದು ಸಣ್ಣ ಸಣ್ಣದಾಗಿ ಕೇಳತೊಡಗಿದ ಮೇಲೆ, ಮದ್ದುಗುಂಡು ಹೊತ್ತು ಕೆಸರಿನಲ್ಲಿ ಹೂತ ಗಾಡಿಗಳನ್ನು ಒಂದಕ್ಕೊಂದು ಕಟ್ಟಿ ಎಳೆದದ್ದನ್ನೆಲ್ಲ ಅವರೇ ಹೇಳಿದರು. ಅದನ್ನು ಅವರ ಮಾತಿನಲ್ಲಿಯೇ ಬರೆದಿಟ್ಟುಕೊಂಡೆ. ನಿಮ್ಮ ತಂದೆಯವರು ಅಡುಗೆಯವರೋ ಗುಮಾಸ್ತರೋ ಆಗಿದ್ದರೂ ಹೀಗೆಯೇ ಕೇಳಿ, ಬರೆದಿಟ್ಟುಕೊಳ್ಳಿ.

ಸನ್ಮಾನದ ದಿನ ಯಾರಿಗಾದರೂ ಹೊಂದುವ "ಗಡಿ ಕಾಯ್ದ ವೀರಯೋಧ" ಎಂಬ ಭಾಷಣದ ಬದಲು, ಅವರು ಒಪ್ಪಿದರೆ, ಈ ಬರಹವನ್ನೇ ಓದಿಸಿ. ಕೆಲವರಿಗೆ ವೇದಿಕೆಯೇ ಹಿಂಸೆ; ಅಂಥವರಾದರೆ ಮನೆಯಂಗಳದಲ್ಲಿ ಊರಿನ ಇತರ ಮಾಜಿ ಸೈನಿಕರನ್ನು ಊಟಕ್ಕೆ ಕರೆದರೂ ಸಾಕು. ಸೈನಿಕ ಕಲ್ಯಾಣ ಇಲಾಖೆಯವರನ್ನು ಆಹ್ವಾನಿಸುವುದಿದ್ದರೆ ನವೆಂಬರಿನಲ್ಲಿಯೇ ಪತ್ರ ಕೊಡಿ, ಏಕೆಂದರೆ ಡಿಸೆಂಬರ್ 7ರ ಧ್ವಜ ದಿನಾಚರಣೆಯ ಕೆಲಸವೂ ಅವರಿಗಿರುತ್ತದೆ.