ಸೂತ್ರ ಆಮೇಲೆ, ಮೊದಲು ಕ್ಷೇತ್ರಕ್ಕೆಷ್ಟು ಸ್ಥಾನ ಹೇಳಿ

ಮತದ ಪಾಲಿಗೆ ತಕ್ಕಂತೆ ಪಕ್ಷಗಳಿಗೆ ಸ್ಥಾನ ಕೊಡುವ ಅನುಪಾತ ಪ್ರಾತಿನಿಧ್ಯದ ಚುನಾವಣಾ ವ್ಯವಸ್ಥೆಯೊಂದನ್ನು ತಾವೇ ರೂಪಿಸಿ, 'ಒಮ್ಮೆ ನೋಡಿ ಹೇಳಿ' ಎಂದು ಕಳುಹಿಸುವವರು ಹೆಚ್ಚುತ್ತಿದ್ದಾರೆ. ಸಂತೋಷ. ಆದರೆ ಕರಡಿನಿಂದ ಕರಡಿಗೆ ಒಂದೇ ಹುಳುಕು ಕಾಣಿಸತೊಡಗಿದರೆ ತಾಳ್ಮೆ ಉಳಿಯುವುದು ಕಷ್ಟ. ಬಹುಸದಸ್ಯ ಕ್ಷೇತ್ರ ಎಂದರೇನು, ಪಟ್ಟಿ ಎಂದರೇನು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಅಷ್ಟು ತಿಳಿಯದವರು ಕರಡು ಬರೆಯಲು ಕೂರಬಾರದು.

ಪ್ರಶ್ನೆ: 60 ಸ್ಥಾನಗಳ ಸಭೆಗೆ ನಾನು ಸಿದ್ಧಪಡಿಸಿದ ಮಾದರಿ ಇದು: 20 ಪ್ರಾದೇಶಿಕ ಕ್ಷೇತ್ರಗಳು, ತಲಾ 3 ಸ್ಥಾನ, ಮುಕ್ತ ಪಟ್ಟಿ (ಪಕ್ಷದ ಪಟ್ಟಿಯಲ್ಲಿ ಯಾರು ಗೆಲ್ಲಬೇಕೆಂದು ಮತದಾರರೇ ಆರಿಸುವುದು), ಶೇ 5ರ ಮತಮಿತಿ (ಅದಕ್ಕಿಂತ ಕಡಿಮೆ ಮತ ಪಡೆದ ಪಕ್ಷಕ್ಕೆ ಸ್ಥಾನವಿಲ್ಲ). ಸ್ಥಾನ ಹಂಚಿಕೆಗೆ ಡಿ'ಹಾಂಟ್ ಸೂತ್ರ ನ್ಯಾಯಯುತವೋ, ಸಾಂತ್ ಲಾಗ್ಯೂ ಸೂತ್ರ ನ್ಯಾಯಯುತವೋ?

ಉತ್ತರ: ಈ ಮಾದರಿಯಲ್ಲಿ ಎರಡೂ ನ್ಯಾಯ ಕೊಡುವುದಿಲ್ಲ. ದೋಷವಿರುವುದು 'ತಲಾ 3' ಎಂದು ನೀವು ಬರೆದ ಕಡೆ.

ಲೆಕ್ಕ ಹಾಕಿಯೇ ತೋರಿಸುತ್ತೇನೆ. ಒಂದು ಕ್ಷೇತ್ರದಲ್ಲಿ 1,00,000 ಸಿಂಧು ಮತಗಳಿವೆ ಎಂದುಕೊಳ್ಳಿ. ಮೊದಲ ಪಕ್ಷಕ್ಕೆ 42,000, ಎರಡನೆಯದಕ್ಕೆ 29,000, ಮೂರನೆಯದಕ್ಕೆ 17,000, ನಾಲ್ಕನೆಯದಕ್ಕೆ 12,000. ಡಿ'ಹಾಂಟ್ ಪ್ರಕಾರ ಪ್ರತಿ ಪಕ್ಷದ ಮತವನ್ನು 1, 2, 3 ಎಂದು ಭಾಗಿಸುತ್ತ ಹೋಗಿ, ಅತಿ ದೊಡ್ಡ ಭಾಗಲಬ್ಧಗಳಿಗೆ ಒಂದೊಂದು ಸ್ಥಾನ ಕೊಡಬೇಕು. ಇಲ್ಲಿ ಅತಿ ದೊಡ್ಡ ಮೂರು 42,000, 29,000 ಮತ್ತು 21,000 (42,000ದ ಅರ್ಧ). ಮೊದಲ ಪಕ್ಷಕ್ಕೆ ಎರಡು ಸ್ಥಾನ, ಎರಡನೆಯದಕ್ಕೆ ಒಂದು, ಉಳಿದವಕ್ಕೆ ಸೊನ್ನೆ. ಇದೇ ಮತಹಂಚಿಕೆ ಇಪ್ಪತ್ತೂ ಕ್ಷೇತ್ರಗಳಲ್ಲಿದ್ದರೆ ಶೇ 42 ಮತ ಪಡೆದ ಪಕ್ಷ 60ರಲ್ಲಿ 40 ಸ್ಥಾನ, ಅಂದರೆ ಮೂರರಲ್ಲಿ ಎರಡು ಪಾಲು, ಒಯ್ಯುತ್ತದೆ. ಮೂರನೆಯ, ನಾಲ್ಕನೆಯ ಪಕ್ಷಗಳಿಗೆ ಮತ ಹಾಕಿದ ಶೇ 29ರಷ್ಟು ಮತದಾರರ ಪರವಾಗಿ ಸಭೆಯಲ್ಲಿ ಒಬ್ಬರೂ ಇರುವುದಿಲ್ಲ. ಸರಿ, ಸಾಂತ್ ಲಾಗ್ಯೂ ಹಿಡಿಯಿರಿ. 1, 3, 5ರಿಂದ ಭಾಗಿಸಿದರೆ ಮೊದಲ ಮೂರು ಪಕ್ಷಗಳಿಗೆ ತಲಾ ಒಂದು ಸ್ಥಾನ. ಒಟ್ಟು 20, 20, 20. ಶೇ 42 ಪಡೆದವರೂ ಶೇ 17 ಪಡೆದವರೂ ಸಮಾನರು! ಮೂರೇ ಸ್ಥಾನಗಳನ್ನು ನಾಲ್ಕು ಪಕ್ಷಗಳ ನಡುವೆ ಯಾವ ಸೂತ್ರದಿಂದ ಹಂಚಿದರೂ ಇಂಥದ್ದೊಂದು ವಿಕಾರ ಹುಟ್ಟಲೇಬೇಕು.

ಈಗ ಕ್ಷೇತ್ರಗಳನ್ನು ಒಗ್ಗೂಡಿಸಿ ಆರು ಮಾಡಿ, ತಲಾ 10 ಸ್ಥಾನ ಕೊಡಿ. ಮತಹಂಚಿಕೆ ಅದೇ ಇರಲಿ. ಡಿ'ಹಾಂಟ್ ಕೊಡುವ ಫಲಿತಾಂಶ 4, 3, 2, 1. ಸಾಂತ್ ಲಾಗ್ಯೂ ಕೊಡುವುದೂ 4, 3, 2, 1. ಯಾವುದಕ್ಕಾಗಿ ನೀವು ನಾಲ್ಕು ಪುಟ ವಾದಿಸಿದ್ದಿರೋ ಆ ಜಗಳವೇ ಇಲ್ಲವಾಯಿತು. ಎಲ್ಲ ಮತಹಂಚಿಕೆಯಲ್ಲೂ ಎರಡು ಸೂತ್ರಗಳು ಹೀಗೆ ಕೂಡಿ ಬರುವುದಿಲ್ಲ. ಡಿ'ಹಾಂಟ್ ದೊಡ್ಡ ಪಕ್ಷದ ಕಡೆ ತುಸು ವಾಲುತ್ತದೆ ಎಂಬುದು ನಿಜ. ಆದರೆ ಆ ವಾಲುವಿಕೆ ಕ್ಷೇತ್ರ ದೊಡ್ಡದಾದಷ್ಟೂ ಸಣ್ಣದಾಗುತ್ತದೆ.

ಚಿಲಿ ದೇಶವನ್ನು ನೋಡಿ. ಪಟ್ಟಿ ಮುಕ್ತ, ಸೂತ್ರ ಡಿ'ಹಾಂಟ್, ಕಾಗದದ ಮೇಲೆ ಎಲ್ಲವೂ ಅನುಪಾತ ಪದ್ಧತಿಯೇ. ಆದರೆ ಸರ್ವಾಧಿಕಾರಿ ಪಿನೊಚೆಯ ಆಡಳಿತ ಬಿಟ್ಟುಹೋದ ಆ ವ್ಯವಸ್ಥೆಯಲ್ಲಿ ಪ್ರತಿ ಕ್ಷೇತ್ರಕ್ಕೆ ಎರಡೇ ಸ್ಥಾನ. ಎರಡನ್ನೂ ಗೆಲ್ಲಬೇಕಾದರೆ ಮೊದಲ ಪಟ್ಟಿ ಎರಡನೆಯದರ ದುಪ್ಪಟ್ಟು ಮತ ಗಳಿಸಬೇಕಿತ್ತು. ಹೀಗಾಗಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮತವಿದ್ದ ಎರಡನೆಯ ಕೂಟ ಅರ್ಧ ಸ್ಥಾನಗಳನ್ನು ಹಿಡಿಯುತ್ತಿತ್ತು, ಮೂರನೆಯವರಿಗೆ ಬಾಗಿಲು ತೆರೆಯುತ್ತಿದ್ದುದು ಅಪರೂಪ. 1989ರಿಂದ 2013ರವರೆಗಿನ ಚುನಾವಣೆಗಳು ಹೀಗೆಯೇ ನಡೆದವು. 2017ರಲ್ಲಿ ದೊಡ್ಡ ಕ್ಷೇತ್ರಗಳು ಬಂದ ಮೇಲೆ ಚಿತ್ರ ಬದಲಾಯಿತು. ಸೂತ್ರ ಮಾತ್ರ ಅದೇ ಡಿ'ಹಾಂಟ್.

ನಿಮ್ಮ ಶೇ 5ರ ಮತಮಿತಿಯ ವಿಷಯ. ಡಿ'ಹಾಂಟ್ ಪ್ರಕಾರ ಮೂರು ಸ್ಥಾನಗಳ ಕ್ಷೇತ್ರದಲ್ಲಿ ಒಂದು ಸ್ಥಾನ ಖಚಿತವಾಗಬೇಕಾದರೆ ಶೇ 25ಕ್ಕಿಂತ ಹೆಚ್ಚು ಮತ ಬೇಕು. ಅಲ್ಲಿ ಶೇ 5ರ ನಿಯಮ ಬರೆಯುವುದು ಗೋಡೆಯ ಮುಂದೆ ಹೊಸ್ತಿಲು ಕಟ್ಟಿದಂತೆ. ಸ್ಪೇನ್‌ನಲ್ಲಿ ಕ್ಷೇತ್ರಕ್ಕೆ ಶೇ 3ರ ಮತಮಿತಿ ಇದೆ. ಎರಡೇ ಸ್ಥಾನಗಳಿರುವ ಸೋರಿಯಾದಲ್ಲಿ ಅದು ಯಾರನ್ನೂ ತಡೆಯಬೇಕಾಗಿಯೇ ಇಲ್ಲ.

'ಹಾಗಾದರೆ ಇಡೀ ದೇಶವನ್ನೇ ಒಂದು ಕ್ಷೇತ್ರ ಮಾಡಿಬಿಡೋಣ' ಎಂದು ಹೊರಡಬೇಡಿ. ನೆದರ್ಲೆಂಡ್ಸ್‌ನಲ್ಲಿ 150 ಸ್ಥಾನಗಳನ್ನು ಹಾಗೆಯೇ ಹಂಚುತ್ತಾರೆ, ಅನುಪಾತ ಅಚ್ಚುಕಟ್ಟಾಗಿಯೇ ಬರುತ್ತದೆ. ಆದರೆ ನಿಮಗೆ ಪ್ರದೇಶವೂ ಬೇಕು, ಮುಕ್ತ ಪಟ್ಟಿಯೂ ಬೇಕು. ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯ 70 ಸ್ಥಾನಗಳ ಒಂದೇ ಕ್ಷೇತ್ರ. ಅಲ್ಲಿ ಅಭ್ಯರ್ಥಿಗಳ ಸಂಖ್ಯೆ ಸಾವಿರ ದಾಟುತ್ತದೆ. ಸಾವಿರ ಜನರ ನಡುವೆ ಮತದಾರ ಆಯ್ಕೆ ಮಾಡುವುದಿಲ್ಲ, ಟಿ.ವಿ.ಯಲ್ಲಿ ನೋಡಿದ ಮುಖವನ್ನು ಗುರುತಿಸುತ್ತಾನೆ ಅಷ್ಟೆ. ಅನುಪಾತ ದೊಡ್ಡ ಕ್ಷೇತ್ರವನ್ನು ಬೇಡುತ್ತದೆ, ಮುಕ್ತ ಪಟ್ಟಿ ಸಣ್ಣ ಕ್ಷೇತ್ರವನ್ನು ಬೇಡುತ್ತದೆ. ವಿನ್ಯಾಸದ ನಿಜವಾದ ಸಂಕಟ ಇದೊಂದೇ, ಮತ್ತು ಇದರ ಬಗ್ಗೆ ನಿಮ್ಮ ಕರಡಿನಲ್ಲಿ ಒಂದು ಸಾಲೂ ಇಲ್ಲ.

ದಾರಿ ಇದೆ. ಕ್ಷೇತ್ರಗಳನ್ನು ಮಧ್ಯಮ ಗಾತ್ರಕ್ಕೆ ಇಟ್ಟು, ಕೆಲವು ಸ್ಥಾನಗಳನ್ನು ದೇಶದ ಒಟ್ಟು ಲೆಕ್ಕ ಸರಿದೂಗಿಸಲು, ಅಂದರೆ ಕ್ಷೇತ್ರಗಳಲ್ಲಿ ತಮ್ಮ ಮತದ ಪಾಲಿಗಿಂತ ಕಡಿಮೆ ಸ್ಥಾನ ಪಡೆದ ಪಕ್ಷಗಳಿಗೆ ಕೊಡಲು, ಮೀಸಲಿಡುವುದು. ಡೆನ್ಮಾರ್ಕ್ ತನ್ನ ಮುಖ್ಯ ಭೂಭಾಗದ 175ರಲ್ಲಿ 40 ಸ್ಥಾನಗಳನ್ನು, ಸ್ವೀಡನ್ 349ರಲ್ಲಿ 39 ಸ್ಥಾನಗಳನ್ನು ಹೀಗೆ ಇಟ್ಟಿವೆ. ನಿಮ್ಮ 60ರಲ್ಲಿ ಆರು ಕ್ಷೇತ್ರಗಳಿಗೆ ತಲಾ 8ರಂತೆ 48, ಉಳಿದ 12 ಸರಿದೂಗಿಸಲು. ಸ್ವಭಾವತಃ ನಾನು ಅಂಜುಬುರುಕ: 7ಕ್ಕಿಂತ ಕಡಿಮೆ ಸ್ಥಾನದ ಕ್ಷೇತ್ರವಿದ್ದು ಸರಿದೂಗಿಸುವ ಸ್ಥಾನಗಳಿಲ್ಲದ ಕರಡಿಗೆ ಸಹಿ ಹಾಕುವುದಿಲ್ಲ. ಭೂಗೋಳ ಅಥವಾ ಭಾಷೆಯ ಕಾರಣಕ್ಕೆ ಯಾವುದೋ ಪ್ರದೇಶ ಸಣ್ಣದಾಗಿಯೇ ಉಳಿಯಬೇಕೆಂದರೆ ಉಳಿಯಲಿ. ಫಿನ್ಲೆಂಡ್‌ನ ಓಲಂಡ್ ದ್ವೀಪಗಳಿಗೆ ಒಂದೇ ಸ್ಥಾನ. ಅದು ಅಪವಾದವಾಗಿರಬೇಕು, ನಿಯಮವಾಗಬಾರದು. ಗಡಿಗಳನ್ನು ಒಮ್ಮೆ ಹಾಕಿದ ಮೇಲೆ ಮುಟ್ಟಬೇಡಿ, ಜನಸಂಖ್ಯೆ ಬದಲಾದಾಗ ಸ್ಥಾನಗಳ ಸಂಖ್ಯೆಯನ್ನು ಮಾತ್ರ ಬದಲಿಸಿ. ಗಡಿ ಎಳೆಯುವ ಪೆನ್ಸಿಲ್ ಪ್ರತಿ ಸಲ ಹೊರಬಂದರೆ ಅದನ್ನು ಹಿಡಿಯುವ ಕೈ ಯಾರದು ಎಂಬ ಜಗಳವೂ ಪ್ರತಿ ಸಲ ಬರುತ್ತದೆ.

ಸರಿದೂಗಿಸುವ ಸ್ಥಾನಗಳಿಗೆ ಪಕ್ಷಗಳಿಂದ ಪ್ರತ್ಯೇಕ ರಾಷ್ಟ್ರೀಯ ಪಟ್ಟಿ ಕೇಳಬೇಡಿ. ಶ್ರೀಲಂಕಾದ 225ರಲ್ಲಿ 29 ಸ್ಥಾನಗಳು ಹಾಗಿವೆ. ಜಿಲ್ಲೆಯಲ್ಲಿ ಸೋತವರು ಆ ಬಾಗಿಲಿನಿಂದ ಸಂಸತ್ತು ಸೇರಿದ್ದಾರೆ. ಪಕ್ಷದ ಉಳಿಕೆ ಭಾಗಲಬ್ಧ (ಇನ್ನೂ ಸ್ಥಾನ ಸಿಗದ ಭಾಗಲಬ್ಧ) ಯಾವ ಕ್ಷೇತ್ರದಲ್ಲಿ ದೊಡ್ಡದೋ ಆ ಕ್ಷೇತ್ರಕ್ಕೆ ಸ್ಥಾನ ಹೋಗಲಿ, ಅಲ್ಲಿ ಆ ಪಕ್ಷದ ಮುಂದಿನ ಅತಿ ಹೆಚ್ಚು ಮತದ ಅಭ್ಯರ್ಥಿ ಅದನ್ನು ಪಡೆಯಲಿ.

ಪ್ರಶ್ನೆ: ಮುಕ್ತ ಪಟ್ಟಿ ಬಂದರೆ ಪಕ್ಷದ ನಾಯಕರ ಹಿಡಿತ ತಪ್ಪುತ್ತದೆಯಲ್ಲವೇ?

ಉತ್ತರ: ಸ್ವಲ್ಪ. ಟಿಕೆಟ್ ಕೊಡುವ ಕೈ ಅವರದೇ. ಅದರ ಜೊತೆಗೆ ಹೊಸ ಕಾಯಿಲೆಯೂ ಬರುತ್ತದೆ: ಒಂದೇ ಪಕ್ಷದ ಅಭ್ಯರ್ಥಿಗಳು ಪರಸ್ಪರರ ವಿರುದ್ಧ ಹಣ ಚೆಲ್ಲುತ್ತಾರೆ. ಕರಡಿನಲ್ಲಿ ಅಭ್ಯರ್ಥಿವಾರು ವೆಚ್ಚದ ಮಿತಿ ಇಲ್ಲದಿದ್ದರೆ ಮುಕ್ತ ಪಟ್ಟಿಯನ್ನು ನಾನು ಶಿಫಾರಸು ಮಾಡುವುದಿಲ್ಲ.

ಪ್ರಶ್ನೆ: ಹೆಚ್ಚು ಮತ ಪಡೆದ ಅಭ್ಯರ್ಥಿ ಸೋತು, ಬೇರೆ ಪಕ್ಷದ ಕಡಿಮೆ ಮತದವರು ಗೆಲ್ಲುವುದು ಮೋಸವಲ್ಲವೇ?

ಉತ್ತರ: ಅಲ್ಲ. ಮತ ಮೊದಲು ಪಟ್ಟಿಗೆ, ಆಮೇಲೆ ವ್ಯಕ್ತಿಗೆ. ಇದು ಒಪ್ಪದಿದ್ದರೆ ನಿಮಗೆ ಬೇಕಿರುವುದು ಅನುಪಾತ ಪದ್ಧತಿಯೇ ಅಲ್ಲ. ಅತಿರೇಕಕ್ಕೆ ಕಡಿವಾಣ ಹಾಕಬಹುದು. 2002ರಲ್ಲಿ ಸಾವೊ ಪಾಲೊದಲ್ಲಿ ಎನೆಯಾಸ್ ಕಾರ್ನೇರೊ 15 ಲಕ್ಷಕ್ಕೂ ಹೆಚ್ಚು ಮತ ಪಡೆದಾಗ ಅವರ ಪಕ್ಷದ ಇನ್ನೂ ಐವರು ಒಳಬಂದರು. ಅವರಲ್ಲೊಬ್ಬರ ಸ್ವಂತ ಮತ 275. ಬ್ರೆಜಿಲ್ 2015ರಲ್ಲಿ ಅಭ್ಯರ್ಥಿಗೆ ಚುನಾವಣಾ ಕೋಟಾದ (ಒಂದು ಸ್ಥಾನಕ್ಕೆ ಬೀಳುವ ಮತಗಳ ಸಂಖ್ಯೆಯ) ಕನಿಷ್ಠ ಶೇ 10ರಷ್ಟು ಸ್ವಂತ ಮತ ಇರಬೇಕೆಂದು ಕಾನೂನು ಮಾಡಿತು. ಅಷ್ಟು ಸಾಕು.

ಪ್ರಶ್ನೆ: ಮತದಾರನಿಗೆ ಪಟ್ಟಿಯೊಳಗಿನ ಅಭ್ಯರ್ಥಿಗಳನ್ನು ಆರಿಸಲು ಒಂದರ ಬದಲು ನಾಲ್ಕು ಪ್ರಾಶಸ್ತ್ಯ ಮತ ಕೊಟ್ಟರೆ ಸ್ವಾತಂತ್ರ್ಯ ಹೆಚ್ಚುತ್ತದಲ್ಲ?

ಉತ್ತರ: ಮತ ಖರೀದಿಸುವವನ ಅನುಕೂಲವೂ ಹೆಚ್ಚುತ್ತದೆ. ಇಟಲಿಯಲ್ಲಿ ಅಭ್ಯರ್ಥಿ ಸಂಖ್ಯೆಗಳ ಒಂದೊಂದು ಜೋಡಣೆಯನ್ನು ಒಬ್ಬೊಬ್ಬನಿಗೆ ಹಂಚಿ, ಎಣಿಕೆಯ ವೇಳೆ ಆ ಜೋಡಣೆ ಕಂಡಿತೇ ಎಂದು ಪರೀಕ್ಷಿಸುತ್ತಿದ್ದರು. 1991ರ ಜನಮತಗಣನೆ ಪ್ರಾಶಸ್ತ್ಯವನ್ನು ಒಂದಕ್ಕೆ ಇಳಿಸಿತು. ಒಂದೇ ಕೊಡಿ. ಫಿನ್ಲೆಂಡ್‌ನಲ್ಲಿ ಮತದಾರ ಒಬ್ಬ ಅಭ್ಯರ್ಥಿಯ ಸಂಖ್ಯೆಯನ್ನಷ್ಟೇ ಬರೆಯುತ್ತಾನೆ, ಅದೇ ಪಕ್ಷದ ಲೆಕ್ಕಕ್ಕೂ ಸೇರುತ್ತದೆ.

ಪ್ರಶ್ನೆ: ಸ್ಥಿರ ಸರ್ಕಾರಕ್ಕಾಗಿ ಶೇ 10ರ ಮತಮಿತಿ?

ಉತ್ತರ: ಟರ್ಕಿ, 2002. ಅಲ್ಲಿ ಆಗ ಇದೇ ಮಿತಿ ಇತ್ತು. ಗೆದ್ದ ಪಕ್ಷದ ಶೇ 34 ಮತಕ್ಕೆ 550ರಲ್ಲಿ 363 ಸ್ಥಾನ, ಸುಮಾರು ಶೇ 46 ಮತಗಳು ವ್ಯರ್ಥ. ಮುಂದಿನ ಪ್ರಶ್ನೆ.

ಪ್ರಶ್ನೆ: ಸಲಹೆಗಾರರೊಬ್ಬರು ಹಳೆಯ ಏಕಸದಸ್ಯ ಕ್ಷೇತ್ರಗಳ ಮತಗಳನ್ನು ಹೊಸ ಮಾದರಿಗೆ ಹಾಕಿ, ಫಲಿತಾಂಶ ಖಚಿತವಾಗಿ ಹೇಳುತ್ತಾರೆ. ನಂಬಬಹುದೇ?

ಉತ್ತರ: ಅವರಿಗೆ ಹಣ ಕೊಡಬೇಡಿ. ಗೆಲ್ಲಲಾರದ ಪಕ್ಷಕ್ಕೆ ಮತ ಹಾಕದೆ ಉಳಿದವರು, ಕಣಕ್ಕೇ ಇಳಿಯದ ಪಕ್ಷಗಳು ಆ ಹಳೆಯ ಅಂಕಿಗಳಲ್ಲಿ ಇಲ್ಲ. ನಿಯಮ ಬದಲಾದರೆ ಮತವೂ ಬದಲಾಗುತ್ತದೆ. ಮೇಲೆ ನಾನು ಮಾಡಿದಂತೆ ಕಲ್ಪಿತ ಮತಗಳಿಂದ ಮಾದರಿಯ ದೋಷ ಹುಡುಕಬಹುದು, ಭವಿಷ್ಯ ನುಡಿಯಲಾಗದು.

ಪ್ರಶ್ನೆ: ಸದಸ್ಯರೊಬ್ಬರು ನಿಧನರಾದರೆ ಉಪಚುನಾವಣೆ ಹೇಗೆ?

ಉತ್ತರ: ಉಪಚುನಾವಣೆ ಬೇಡ. ಅದೇ ಪಟ್ಟಿಯಲ್ಲಿ ನಂತರದ ಹೆಚ್ಚು ಮತದವರು ಬರುತ್ತಾರೆ.